ಬೆಲ್ಲ ತಗೊಂಡೆ, ನೀರು ಬಿಟ್ಟೆ

ಹುಮನಾಬಾದ್, ಆಶ್ರಮದ ಅಡುಗೆಮನೆ

ಹುಮನಾಬಾದಿನ ಮಕ್ಕಳ ಆಶ್ರಮದಲ್ಲಿ ನನ್ನ ದಿನ ನೀರು ಕಾಯಿಸುವುದರಿಂದ ಶುರುವಾಗುತ್ತಿತ್ತು. ಆ ಶನಿವಾರವೂ ಹಾಗೇ ಆಯಿತು. ಲೆಸ್ಟರಿನಿಂದ ಸೀರೆಗಳ ನಡುವೆ ಸುತ್ತಿ ತಂದಿದ್ದ ಪುಟ್ಟ ಕೆಟಲ್ ಮೊದಲ ದಿನವೇ ಇಡೀ ಕಟ್ಟಡದ ಫ್ಯೂಸು ಹಾರಿಸಿ ಮತ್ತೆ ಸೂಟ್‌ಕೇಸು ಸೇರಿತ್ತು. ಹಾಗಾಗಿ ಅಡುಗೆಯ ಕಾಶಮ್ಮ ಮಕ್ಕಳ ಉಪ್ಪಿಟ್ಟಿಗೆ ಒಲೆ ಬಿಟ್ಟುಕೊಡುವ ಮೊದಲು ನನ್ನ ಪಾತ್ರೆ ಏರುತ್ತಿತ್ತು. ನೀರು ಕುದಿಯತೊಡಗಿದ ಮೇಲೆ ಗಡಿಯಾರ ನೋಡಿಕೊಂಡು ಹತ್ತು ನಿಮಿಷ. ಆಮೇಲೆ ತಟ್ಟೆ ಮುಚ್ಚಿ ಆರಿಸುವುದು, ಇಸ್ತ್ರಿ ಮಾಡಿದ ಕರವಸ್ತ್ರದಲ್ಲಿ ಸೋಸಿ ಎರಡು ಬಾಟಲಿಗೆ ತುಂಬುವುದು.

"ದಿನಾ ನೋಡಾಕತ್ತೀನ್ರಿ ಬಾಯಾರ," ಎಂದಳು ಕಾಶಮ್ಮ, ಈರುಳ್ಳಿ ಹೆಚ್ಚುತ್ತಾ. "ಈ ನೀರಿಗಿ ಏನು ಜ್ವರ ಬಂದದ? ಮೈ ಇಷ್ಟು ಸುಡ್ತದಲ್ಲ."

"ನಮಗೆ ಜ್ವರ ಬರಬಾರದು ಅಂತಲೇ ಕಾಯಿಸೋದು ಕಾಶಮ್ಮ."

"ನಾವು ಹುಟ್ಟಿದಾಗಿಂದ ಹಸೀ ನೀರೇ ಕುಡದೀವಿ. ನೋಡ್ರಿ, ಇನ್ನಾ ಸತ್ತಿಲ್ಲ."

ಬಾಗಿಲ ಹತ್ತಿರ ನಿಂತಿದ್ದ ಸುಜಾತಾ ನಕ್ಕಳು. ಅವಳಿಗೆ ನಾಲ್ಕೂವರೆ ವರ್ಷ. ಬಾಟಲಿಗೆ ನೀರು ತುಂಬುವಾಗ ಎರಡೂ ಮುಚ್ಚಳ ಹಿಡಿದುಕೊಂಡು ನಿಲ್ಲುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದಳು. ಮುಚ್ಚಳ ನೆಲಕ್ಕೆ ತಾಗಬಾರದು ಎಂದು ನಾನು ಒಮ್ಮೆ ಹೇಳಿದ್ದಕ್ಕೆ, ಎದೆಗೆ ಒತ್ತಿ ಹಿಡಿಯುತ್ತಿದ್ದಳು. ಆಶ್ರಮದ ಮಕ್ಕಳೆಲ್ಲ ನನಗಿಟ್ಟ ಹೆಸರು 'ಬಾಟ್ಲಿ ಅಮ್ಮ'. ನನಗೆ ಬೇಸರವಿರಲಿಲ್ಲ. ಅದರೊಳಗೆ ಅಮ್ಮ ಎಂಬ ಮಾತಿತ್ತಲ್ಲ.

ಸುಜಾತಾ ನಮ್ಮ ಮಗಳಾಗಬೇಕಿತ್ತು. ನಾನು, ನನ್ನ ಗಂಡ ಇಬ್ಬರೂ ಮೈಸೂರಿನವರಾದರೂ ಬಹಳ ವರ್ಷಗಳಿಂದ ಇಂಗ್ಲೆಂಡಿನ ಪಾಸ್‌ಪೋರ್ಟಿನವರು. ಹಾಗಾಗಿ ನಮ್ಮದು ಹೊರದೇಶದವರು ದತ್ತು ತೆಗೆದುಕೊಳ್ಳುವ ಲೆಕ್ಕ. ಕಾಗದ ಎರಡು ದೇಶಗಳಲ್ಲಿ ಓಡಾಡಬೇಕು. ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಯಾಕೆ ಬಂದಿರಿ ಎಂದು ಕೇಳಿದಾಗ "ಮಗಳನ್ನು ನೋಡಲು" ಎಂದಿದ್ದೆ. ಅವನು ನನ್ನ ಕಾಗದ ತಿರುವಿ, "ನಿಮಗೆ ಮಕ್ಕಳಿಲ್ಲ ಅಂತ ಬರೆದಿದೆಯಲ್ಲ" ಎಂದ. ಹುಟ್ಟಿದ ನಾಡಿಗೇ ಪರದೇಶದವಳಂತೆ ಬಂದಿದ್ದು ಆವತ್ತು ಸರಿಯಾಗಿ ಗೊತ್ತಾಯಿತು. ಹುಬ್ಬಳ್ಳಿಯ ಆಚೆ ನಾನು ಕಾಲಿಟ್ಟಿದ್ದೂ ಅದೇ ಮೊದಲು.

ಗಂಡ ಇಪ್ಪತ್ತು ದಿನ ಇದ್ದು, ರಜೆ ಮುಗಿದು, ವಾಪಸು ಹೋಗಿದ್ದರು. ಅವರು ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವರು. ಹಿಂದೊಮ್ಮೆ ಮೈಸೂರಿಗೆ ಬಂದಾಗ ಕಾಮಾಲೆ ಹತ್ತಿಸಿಕೊಂಡು ಒಂದು ತಿಂಗಳು ಮಲಗಿದ್ದರು. ಎಸ್‌ಟಿಡಿ ಬೂತಿನಿಂದ ನಾನು ಮಾತಾಡಿದಾಗಲೆಲ್ಲ ಅವರ ಕೊನೆಯ ಮಾತು ಒಂದೇ: "ನೀರು ಮಾತ್ರ ಜೋಕೆ."

ಉಳಿದಿದ್ದ ದೊಡ್ಡ ಕೆಲಸವೂ ಒಂದೇ. ಸುಜಾತಾಳ ತಾಯಿ ತೀರಿಹೋಗಿದ್ದಳು, ತಂದೆ ಎಲ್ಲಿದ್ದಾನೋ ಗೊತ್ತಿರಲಿಲ್ಲ. ಇದ್ದವಳು ತಾಯಿಯ ತಾಯಿ. ಸೋಮವಾರ ಬೀದರಿನ ಕೋರ್ಟಿನಲ್ಲಿ ಆಕೆ ಜಡ್ಜರ ಮುಂದೆ ನಿಂತು, ಮಗುವನ್ನು ಇವರಿಗೆ ಕೊಡಲು ನನಗೆ ಒಪ್ಪಿಗೆ ಎನ್ನಬೇಕು. ಆಕೆ ಒಲ್ಲೆ ಎಂದರೆ ಮುಗಿಯಿತು. ಅದಕ್ಕೇ ಆಶ್ರಮದ ಸಿಸ್ಟರ್, "ಕೋರ್ಟಿನಾಗ ಮಾರಿ ನೋಡೂಕಿಂತ ಮೊದಲು ಒಮ್ಮಿ ಆಕಿ ಮನಿಗಿ ಹೋಗಿ ಬರೂಣ" ಎಂದಿದ್ದರು. ಅವರು ಮಂಗಳೂರಿನ ಕಡೆಯವರು. ಇಪ್ಪತ್ತು ವರ್ಷ ಇಲ್ಲಿದ್ದು ಮಾತು ಪೂರ್ತಿ ಇಲ್ಲಿಯದೇ ಆಗಿತ್ತು.

ಹೆದ್ದಾರಿ, ಜೀಪು ನಿಂತಲ್ಲಿ

ಆಕೆಯ ಊರು ಕಲ್ಯಾಣಕ್ಕೆ ದೂರವೇನಿಲ್ಲ. ಆದರೆ ಕಬ್ಬಿನ ಕಾಲ. ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ರಸ್ತೆಯ ತುಂಬ, ಮದುವೆಯ ದಿಬ್ಬಣದ ಹಾಗೆ, ಯಾರಿಗೂ ಅವಸರವಿಲ್ಲ. ಅರ್ಧ ದಾರಿಯಲ್ಲಿ ನಮ್ಮ ಜೀಪಿನ ಹಿಂದಿನ ಗಾಲಿ ಪಂಕ್ಚರ್ ಆಯಿತು. ಡ್ರೈವರು ಗಾಲಿ ಬಿಚ್ಚುವಷ್ಟರಲ್ಲಿ ಟ್ರ್ಯಾಕ್ಟರಿನವನೊಬ್ಬ ಯಾರೂ ಕೇಳದೆಯೇ ಎರಡು ಕಬ್ಬು ಎಳೆದು ನಮಗೆ ಕೊಟ್ಟುಹೋದ. ಸುಜಾತಾ ಹಲ್ಲಿನಿಂದ ಸಿಪ್ಪೆ ಸುಲಿಯುವುದನ್ನು ನನಗೆ ಕಲಿಸಿದಳು. ಹುಡುಗಿಯಾಗಿದ್ದಾಗ ಗೊತ್ತಿದ್ದ ವಿದ್ಯೆ, ಮರೆತುಹೋಗಿತ್ತು. ತುಟಿ ಕೊಯ್ದುಕೊಂಡೆ, ರಸ ಮೊಣಕೈವರೆಗೆ ಇಳಿಯಿತು. ಸಿಸ್ಟರು ನಕ್ಕರು. ಬಹಳ ದಿನಗಳ ಮೇಲೆ ನಾನೂ ನಕ್ಕೆ.

ಈ ಸೀಮೆಯವರು ಕೊಡುವುದೇ ಹೀಗೆ. ಲೆಸ್ಟರಿನಲ್ಲಿ ಪಕ್ಕದ ಮನೆಗೆ ಹೋದರೆ ಚಹಾ ಕುಡಿಯುತ್ತೀರಾ ಎಂದು ಕೇಳುತ್ತಾರೆ, ನಾವು ಹೂಂ ಎಂದ ಮೇಲೆ ನೀರು ಇಡುತ್ತಾರೆ. ಇಲ್ಲಿ ಕೇಳುವ ಪದ್ಧತಿಯೇ ಇಲ್ಲ. ಮೊನ್ನೆ ಆಶ್ರಮದ ಹಿರಿಯರೊಬ್ಬರು, ಹುಮನಾಬಾದಿನ ದೊಡ್ಡ ಬಟ್ಟೆ ವ್ಯಾಪಾರಿ, ಊಟಕ್ಕೆ ಕರೆದಿದ್ದರು. ಸಾಕು ಎಂದು ಹೋಳಿಗೆಯ ಮೇಲೆ ಕೈ ಅಡ್ಡ ಹಿಡಿದರೆ ಆ ಮನೆಯ ಹಿರಿಯಮ್ಮ ಕೈಮೇಲೆಯೇ ತುಪ್ಪ ಸುರಿದರು. ಪಲ್ಯ ಎಷ್ಟು ಖಾರವೆಂದರೆ ಬೆಳ್ಳಿಯ ಲೋಟಕ್ಕೆ ಮೂರು ಸಲ ನೀರು ಹಾಕಿಸಿಕೊಂಡು ಕುಡಿದೆ. ಮನೆಗೆ ಯಾರೇ ಬರಲಿ, ಚಪ್ಪಲಿ ಬಿಡುವಷ್ಟರಲ್ಲಿ ಒಂದು ಚೂರು ಬೆಲ್ಲ, ಒಂದು ಚರಗಿ ನೀರು ಮುಂದೆ ಬರುತ್ತದೆ. ಮಾತು ಆಮೇಲೆ.

ಕಲ್ಯಾಣ

ಈ ಊರಿನ ಕೋಟೆಯ ಬಗ್ಗೆ ಬರೆಯಬಹುದಿತ್ತು. ಲೆಸ್ಟರಿನ ನಮ್ಮ ಕನ್ನಡ ಬಳಗದವರು ಸಂಚಿಕೆಗೆ ಬರೆದುಕೊಡಿ ಎಂದಾಗ ಕೇಳಿದ್ದು ಅಂಥದ್ದನ್ನೇ. ಶರಣರ ಊರು. ಕಾನ್ವೆಂಟಿನಲ್ಲಿ ಏಳನೆಯ ತರಗತಿಯಲ್ಲಿದ್ದಾಗ, ಕಲ್ಯಾಣದಲ್ಲಿ ಮೇಲು ಕೀಳೆನ್ನದೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡದ್ದರ ಬಗ್ಗೆ ಪ್ರಬಂಧ ಬರೆದು ನಾನು ಬಹುಮಾನವಾಗಿ ಒಂದು ಪೆನ್ಸಿಲ್ ಡಬ್ಬಿ ಗೆದ್ದಿದ್ದೆ. ಆ ಡಬ್ಬಿಯ ನೆನಪು ಕೋಟೆಯ ಗೋಡೆ ಕಂಡಾಗ ಬಂತು. ಅಷ್ಟರಲ್ಲಿ ಜೀಪು ಓಣಿಗೆ ತಿರುಗಿತ್ತು.

ಸುಜಾತಾಳ ಅಜ್ಜಿಯ ಹೆಸರು ಭೀಮಬಾಯಿ. ಇಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ. ಸಣ್ಣ ಮೈಯ ಹೆಂಗಸು, ಹಸಿರು ಇಲಕಲ್ಲು ಸೀರೆಯ ಮಡಿಕೆಯ ಗೆರೆ ಇನ್ನೂ ಎದ್ದು ಕಾಣುತ್ತಿತ್ತು. ನಮಗಾಗಿ ಪೆಟ್ಟಿಗೆಯಿಂದ ತೆಗೆದದ್ದು. ಒಂದೇ ಕೋಣೆ. ನೆಲ ಆಗಷ್ಟೇ ಸಾರಿಸಿದ್ದು. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ನೀಲಿ ಕೋಟಿನವರ ಪಟ, ಎರಡಕ್ಕೂ ತಾಜಾ ಚೆಂಡುಹೂ.

"ಬರ್ರಿ ಬಾಯಾರ, ಕೂಡ್ರಿ," ಎಂದು ಹೊರಸಿನ ಮೇಲೆ ಕೌದಿ ಹಾಸಿದಳು. ಮೊಮ್ಮಗಳ ಗಲ್ಲ ಹಿಡಿದು ತಿರುಗಿಸಿ ನೋಡಿ, "ಮೈ ಹಿಡದದ ನೋಡು, ಸಿಸ್ಟರ್ ಮನ್ಯಾಗ ಏನು ತಿಂತಿ ನೀ?" ಎಂದಳು. ಆಮೇಲೆ ಒಳಮೂಲೆಗೆ ಹೋಗಿ, ಮಗುವಿನ ಕಿವಿಯಲ್ಲಿ ಏನೋ ಹೇಳಿದಳು.

ಸುಜಾತಾ ಮೊದಲು ಬೆಲ್ಲದ ತಟ್ಟೆ ತಂದಳು. ನಾನು ಒಂದು ಚೂರು ಬಾಯಿಗೆ ಹಾಕಿಕೊಂಡೆ. ಆಮೇಲೆ ಎರಡೂ ಕೈಯಲ್ಲಿ ಸ್ಟೀಲಿನ ಗಿಲಾಸು ಹಿಡಿದು, ಚೆಲ್ಲದ ಹಾಗೆ ನಾಲಿಗೆ ಕಚ್ಚಿಕೊಂಡು ಬಂದಳು. ನಾನು ಕೈಗೆ ತೆಗೆದುಕೊಂಡೆ. ಗಿಲಾಸು ಬೆಚ್ಚಗಿತ್ತು. ಎಲ್ಲೋ ಬಿಸಿಲಿಗೆ ಬಿದ್ದಿದ್ದ ನೀರು ಎಂದುಕೊಂಡೆ. ಓಣಿಯ ತುದಿಯಲ್ಲಿ ಎಮ್ಮೆ ನಿಂತಿದ್ದ ಬೋರಿಂಗು ಕಣ್ಣಮುಂದೆ ಬಂತು, ಗಂಡನ ಹಳದಿ ಕಣ್ಣು ಬಂತು. ಗಿಲಾಸನ್ನು ಹೊರಸಿನ ಕಾಲ ಹತ್ತಿರ ನೆಲಕ್ಕಿಟ್ಟೆ.

ಸುಜಾತಾ ಅದನ್ನು ಎತ್ತಿ ಮತ್ತೆ ನನ್ನ ಕೈಗಿಟ್ಟಳು.

"ಆಮೇಲೆ ಕುಡೀತೀನಿ ಪುಟ್ಟಿ. ಥ್ಯಾಂಕ್ಯೂ."

ಕಾನ್ವೆಂಟಿನಲ್ಲಿ ನಮಗೆ ಬೇಡ ಎನ್ನುವುದನ್ನು ನಗುನಗುತ್ತಾ ಹೇಳಲು ಕಲಿಸಿದ್ದರು. ನಾನು ಚೆನ್ನಾಗಿಯೇ ನಕ್ಕಿರಬೇಕು. ಪಕ್ಕದಲ್ಲಿ ಸಿಸ್ಟರು ತಮ್ಮ ಗಿಲಾಸನ್ನು ಒಂದೇ ಗುಟುಕಿಗೆ ಮುಗಿಸಿ, ಬಾಯಿ ಒರೆಸಿಕೊಂಡು, ಗಾಲಿಯ ಪಂಕ್ಚರ್ ಹಾಕಿಸಲು ಡ್ರೈವರಿಗೆ ಹೇಳಿ ಬರುತ್ತೇನೆಂದು ಹೊರಗೆ ಹೋದರು.

ಸುಜಾತಾ ಮೂರನೆಯ ಸಲ ಗಿಲಾಸು ಎತ್ತಿದಳು. "ಆಯಿ ಕೊಡು ಅಂದಾಳ," ಎಂದಳು.

"ಇರಲಿ ತಾಯಿ, ಇಡು," ಎಂದಳು ಭೀಮಬಾಯಿ. ದನಿಯಲ್ಲಿ ಏನೂ ಇರಲಿಲ್ಲ. "ಬಾಯಾರಿಗಿ ನೀರಡಿಕಿ ಇಲ್ಲ."

ನನಗೆ ನೀರಡಿಕೆ ಇತ್ತು. ದಾರಿಯ ಧೂಳು, ಕಬ್ಬು, ಈಗ ಬೆಲ್ಲ, ಗಂಟಲು ಅಂಟುತ್ತಿತ್ತು. ಭೀಮಬಾಯಿ ತೀರಿಹೋದ ಮಗಳ ಬಗ್ಗೆ ಹೇಳುತ್ತಿದ್ದಳು. ಸುಜಾತಾ ಎಂಬ ಹೆಸರು ತಾನೇ ಇಟ್ಟದ್ದು, ಹಸಿದು ಕೂತಿದ್ದ ಬುದ್ಧನಿಗೆ ಪಾಯಸ ಕೊಟ್ಟವಳ ಹೆಸರು ಅದು ಎಂದಳು. ನಾನು ತಲೆಯಾಡಿಸುತ್ತಿದ್ದೆ, ಆದರೆ ಯೋಚಿಸುತ್ತಿದ್ದದ್ದು ಜೀಪಿನಲ್ಲಿದ್ದ ಬಾಟಲಿಯನ್ನು. ಕೊನೆಗೆ, "ನಿಮಗೆ ಒಂದು ಶಾಲು ತಂದಿದ್ದೇನೆ, ತರುತ್ತೇನೆ" ಎಂದು ಎದ್ದೆ.

ಜೀಪಿನ ಆಚೆ ಬದಿಗೆ, ಮನೆಯ ಬಾಗಿಲಿಗೆ ಕಾಣದ ಕಡೆ, ನಿಂತು ಅರ್ಧ ಬಾಟಲಿ ಕುಡಿದೆ. ತುಟಿ ಒರೆಸಿಕೊಂಡು ತಿರುಗಿದರೆ ಸುಜಾತಾ ನಿಂತಿದ್ದಳು. ಎರಡೂ ಕೈಯಲ್ಲಿ ಅದೇ ಗಿಲಾಸು. ನನಗೀಗ ನೀರಡಿಕೆ ಆಗಿದೆಯೇನೋ ಎಂದು ಹಿಂದೆಯೇ ಬಂದಿದ್ದಳು. ಬಾಟಲಿಯನ್ನು ನೋಡಿದಳು, ಗಿಲಾಸನ್ನು ನೋಡಿದಳು. ಅಭ್ಯಾಸಬಲದಿಂದ ಒಂದು ಕೈ ಚಾಚಿ ಮುಚ್ಚಳ ಇಸಿದುಕೊಂಡು ಎದೆಗೆ ಒತ್ತಿಕೊಂಡಳು. ಆಮೇಲೆ ಗಿಲಾಸಿನ ನೀರನ್ನು ಗೋಡೆಯ ಬದಿಯ ಕೋಳಿಗಳ ಮುಂದೆ ಸುರಿದಳು.

ಶಾಲು ಕೊಟ್ಟೆ. ಭೀಮಬಾಯಿ ಅದನ್ನು ಎರಡು ಕೈಯಲ್ಲಿ ಇಸಿದುಕೊಂಡು, ಹಣೆಗೆ ಮುಟ್ಟಿಸಿ, ಬಿಚ್ಚದೆ ಪೆಟ್ಟಿಗೆಯ ಮೇಲಿಟ್ಟಳು. ಚಹಾ ಮಾಡುತ್ತೇನೆ ಎನ್ನಲಿಲ್ಲ. ಸೋಮವಾರದ ಮಾತನ್ನು ನನಗೂ ಎತ್ತಲಾಗಲಿಲ್ಲ.

ಜೀಪಿನ ಹಿಂದಿನ ಸೀಟು

ಭೀಮಬಾಯಿಯ ಮಗ ಮಿಲಿಂದ ಹುಮನಾಬಾದಿನಲ್ಲಿ ಧಾನ್ಯದ ಮಂಡಿಯಲ್ಲಿ ಮೂಟೆ ಹೊರುವ ಹಮಾಲ. ಸೋಮವಾರ ಅಲ್ಲಿಂದ ಬೀದರಿಗೆ ಹೋಗುವುದು ಹತ್ತಿರವೆಂದು ಆಕೆ ನಮ್ಮ ಜೊತೆಯಲ್ಲೇ ಜೀಪು ಹತ್ತಿದಳು. ಸೀರೆ ಬದಲಿಸಿ ದಿನದ ಸೀರೆ ಉಟ್ಟಿದ್ದಳು. ಸುಜಾತಾ ಅವಳ ತೊಡೆಯ ಮೇಲೆ ನಿದ್ದೆಹೋದಳು.

ಜೋಳದ ಹೊಲಗಳು ಬಂದಾಗ ಆಕೆ ಕಿಟಕಿಯ ಆಚೆ ಕೈ ತೋರಿಸಿ, ನನಗಲ್ಲ, ಸಿಸ್ಟರಿಗೆ ಹೇಳಿದಳು: "ನಾ ಸಣ್ಣಾಕಿ ಇದ್ದಾಗ ಇಂಥಾ ಹೊಲಕ್ಕೇ ಕಳೆ ತಗ್ಯಾಕ ಹೋಗ್ತಿದ್ದೆ. ಹೊಲದ ಅಮ್ಮಾರು ಭಾಳ ಛಲೋ ಮನಸ್ಯಾರು. ಸುಗ್ಗ್ಯಾಗ ನಮ್ಮವ್ವ ಬೆಲ್ಲ, ಶೇಂಗಾ ಕೊಟ್ರ ತಗೋತಿದ್ರು. ನೀರು ಮಾತ್ರ ಮುಟ್ತಿದ್ದಿಲ್ಲ. ಒಣಾದಕ್ಕ ಮೈಲಿಗಿ ಇಲ್ಲಂತ."

ಸಿಸ್ಟರು ಏನೋ ಹೂಂಗುಟ್ಟಿದರು. ಅವರಿಗೆ ಒಳಗೆ ನಡೆದದ್ದು ಗೊತ್ತಿರಲಿಲ್ಲ. ನನಗೆ ಕಿವಿಯೆಲ್ಲ ಬಿಸಿಯಾಯಿತು.

"ಆಯಿ, ಹಾಗಲ್ಲ," ಎಂದೆ, ಮುಂದಿನ ಸೀಟಿನ ಸಿಸ್ಟರಿಗೆ ಕೇಳದ ಹಾಗೆ ದನಿ ತಗ್ಗಿಸಿ. "ನಮ್ಮೆಜಮಾನರಿಗೆ ಹಿಂದೆ ಕಾಮಾಲೆ ಆಗಿತ್ತು. ಎಲ್ಲೂ ಹೊರಗಿನ ನೀರು ಕುಡೀಬೇಡ ಅಂದಿದ್ದಾರೆ. ಆರೋಗ್ಯದ ಸಲುವಾಗಿ, ಅಷ್ಟೇ."

"ಹೌದ್ರಿ," ಎಂದಳು ಆಕೆ. "ಆ ಅಮ್ಮಾರೂ ಅದೇ ಅಂತಿದ್ರು. ಮೈಯಾಗ ಆರಾಮ ಇಲ್ಲ, ನೀರು ಒಗ್ಗಂಗಿಲ್ಲ ಅಂತ."

ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಆ ಹೊಲದ ಅಮ್ಮನ ಆರೋಗ್ಯ ನೆನೆಸಿಕೊಂಡವಳ ಹಾಗೆ ಹೇಳಿದಳು.

ಎಲ್ಲೂ ಹೊರಗಿನ ನೀರು ಕುಡಿಯುವುದಿಲ್ಲ ಎಂದೆನಲ್ಲ, ಬೆಳ್ಳಿಯ ಲೋಟದ ನೆನಪು ಆಗ ಬಂತು. ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಮೂರು ಲೋಟ ಕುಡಿದಿದ್ದೆ. ಕಾಯಿಸಿದ್ದೋ, ಸೋಸಿದ್ದೋ, ಯಾವ ಬಾವಿಯದೋ ಎಂಬ ಪ್ರಶ್ನೆ ನಾಲಿಗೆಗಿರಲಿ, ಮನಸ್ಸಿಗೂ ಬಂದಿರಲಿಲ್ಲ. ಬೆಳಿಗ್ಗೆ ತಿಂದ ಕಬ್ಬನ್ನು ಯಾರ ಕುಡುಗೋಲು ಕೊಯ್ದಿತ್ತು, ಯಾವ ಟ್ರ್ಯಾಕ್ಟರಿನ ಮಣ್ಣು ತಾಗಿತ್ತು, ಅದನ್ನೂ ಯೋಚಿಸಿರಲಿಲ್ಲ. ನನ್ನ ಹೊಟ್ಟೆ ಎಲ್ಲಿ ಹೆದರಬೇಕು, ಎಲ್ಲಿ ಹೆದರಬಾರದು ಎಂದು ನನಗೆ ಹೇಳದೆಯೇ ತೀರ್ಮಾನ ಮಾಡುತ್ತಿತ್ತು.

ಆ ತೀರ್ಮಾನ ಅದಕ್ಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಮೈಸೂರಿನ ನಮ್ಮ ಅಜ್ಜಿಯ ಮನೆಯ ಹಿತ್ತಲಲ್ಲಿ ಸೌದೆ ಒಡೆಯಲು ಬರುತ್ತಿದ್ದ ಹೆಂಗಸಿಗೆ ಅಜ್ಜಿ ಎತ್ತರದಿಂದ ನೀರು ಸುರಿಯುತ್ತಿದ್ದಳು. ಆಕೆ ಬೊಗಸೆಯೊಡ್ಡಿ ಕುಡಿಯುತ್ತಿದ್ದಳು. ಆಕೆ ತನ್ನ ಊರಿನಿಂದ ತಂದ ಹುಣಿಸೆಹಣ್ಣನ್ನು ಮಾತ್ರ ಅಜ್ಜಿ ಸಂತೋಷದಿಂದ ಒಳಗಿಡುತ್ತಿದ್ದಳು. ನಾನು ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆಗ ನನಗೂ ನಾಲ್ಕೋ ಐದೋ ವರ್ಷ.

ಲೆಸ್ಟರಿನಲ್ಲಿ ನಾವು ತಂದೆತಾಯಿಯಾಗಲು ಯೋಗ್ಯರೋ ಎಂದು ಪರೀಕ್ಷಿಸಲು ಒಬ್ಬ ಹೆಂಗಸು ಆರು ಸಲ ಮನೆಗೆ ಬಂದಿದ್ದಳು. ಮಗುವಿನ ಕೋಣೆಯ ಕಿಟಕಿಗೆ ಚಿಲಕವಿದೆಯೇ, ಮೆಟ್ಟಿಲಿಗೆ ಅಡ್ಡ ಕಟ್ಟಿದ್ದೀರಾ, ನೀವಿಬ್ಬರೂ ಜಗಳವಾಡಿದರೆ ಮೊದಲು ಯಾರು ಮಾತಾಡಿಸುತ್ತೀರಿ, ಎಲ್ಲ ಕೇಳಿ ಬರೆದುಕೊಂಡಳು. ಎಲ್ಲದರಲ್ಲೂ ಪಾಸಾದೆವು. ಭೀಮಬಾಯಿ ನನ್ನನ್ನು ಏನೂ ಕೇಳಿರಲಿಲ್ಲ.

ಹುಮನಾಬಾದ್, ಸಂಜೆ

ಮಿಲಿಂದನ ಮನೆ ಮಂಡಿಗೆ ಹೋಗುವ ದಾರಿಯಲ್ಲಿ. ಬರುವಾಗಲೇ ನಿಶ್ಚಯ ಮಾಡಿದ್ದೆ: ಇಲ್ಲಿ ಕೊಟ್ಟ ನೀರನ್ನು, ಅದು ಹೇಗೇ ಇರಲಿ, ಕುಡಿಯುತ್ತೇನೆ. ಜೀಪಿನಿಂದ ಇಳಿಯುವಾಗ ಬಾಟಲಿಗಳನ್ನು ಸೀಟಿನ ಕೆಳಗೆ ತಳ್ಳಿದೆ.

ಆದರೆ ಭೀಮಬಾಯಿ ನನಗಿಂತ ಮೊದಲು ಒಳಗೆ ಹೋಗಿದ್ದಳು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಮಿಲಿಂದ ಸೈಕಲ್ಲು ಹತ್ತಿ ಎತ್ತಲೋ ಹೋದ. ಅವನ ಹೆಂಡತಿ ಶೋಭಾ ಬೆಲ್ಲದ ತಟ್ಟೆ ತಂದಿಟ್ಟಳು. ಬೆಲ್ಲ ಮಾತ್ರ. ನಾನು ಕಾದೆ. ಸಿಸ್ಟರಿಗೆ ನೀರು ಬಂತು, ಡ್ರೈವರಿಗೆ ಬಂತು, ಎಚ್ಚರವಾಗಿ ಕಣ್ಣುಜ್ಜುತ್ತಿದ್ದ ಸುಜಾತಾಳಿಗೂ ಬಂತು.

ಸ್ವಲ್ಪ ಹೊತ್ತಿಗೆ ಮಿಲಿಂದ ಬೆವರು ಒರೆಸಿಕೊಳ್ಳುತ್ತಾ ಬಂದು, ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ತಂದ ಸೀಲು ಹಾಕಿದ ನೀರಿನ ಬಾಟಲಿಯನ್ನು ನನ್ನ ಮುಂದಿಟ್ಟ.

"ತಗೋರಿ ಅಕ್ಕೋರೆ. ನೀವು ನಮ್ಮ ನೀರು ಕುಡಿಯಂಗಿಲ್ಲಂತ, ಅವ್ವ ಹೇಳಿದಳು. ಸೀಲು ನೋಡ್ಕೋರಿ, ಈ ಅಂಗಡ್ಯಾಂವ ಒಮ್ಮೊಮ್ಮಿ ಹಳೇ ಬಾಟ್ಲಿಗೇ ತುಂಬಿ ಕೊಡ್ತಾನ."

"ಬೇಡ ಮಿಲಿಂದ, ನನಗೆ ಇಲ್ಲಿಯ ನೀರೇ ಕೊಡಿ," ಎಂದು ಶೋಭಾಳ ಕಡೆ ಕೈ ಚಾಚಿದೆ.

ಶೋಭಾ ಚರಗಿ ಹಿಡಿದವಳು ಅತ್ತೆಯ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ಅತ್ತಿ, ಮುಂಜಾನಿ ನೀವು ಕಾಸಿ ಇಟ್ಟಿದ್ರೆಲ್ಲ, ಅದನ್ನರ ಇವರು ಕುಡೀಲಿಲ್ಲೇನು?" ಎಂದಳು.

"ಇಲ್ಲ," ಎಂದಳು ಭೀಮಬಾಯಿ.

ನಾನು ಸಿಸ್ಟರಿನ ಕಡೆ ನೋಡಿದೆ. ನಾನು ಬಿಟ್ಟದ್ದು ಆ ಕಾಸಿದ ನೀರನ್ನೇ ಎಂದು ಅವರಿಗೂ ಆಗಲೇ ತಿಳಿದದ್ದು. "ನಾನೇ ಹೇಳಿ ಕಳಿಸಿದ್ನಲ್ಲ," ಎಂದರು ಸಣ್ಣ ದನಿಯಲ್ಲಿ. "ಕಾಸಿದ ನೀರಷ್ಟೇ ಕುಡೀತಾರ ಅಂತ. ಗಿಲಾಸು ಬೆಚ್ಚಗಿತ್ತಲ್ಲ, ನೀವು ತಿಳ್ಕೊಂಡಿರಿ ಅಂದ್ಕೊಂಡೆ."

ನಾನಿಲ್ಲಿ ಕಾಶಮ್ಮನ ಒಲೆಯ ಮುಂದೆ ಗಡಿಯಾರ ನೋಡುತ್ತಾ ನಿಂತಿದ್ದ ಹೊತ್ತಿಗೆ, ಅಲ್ಲಿ ಕಲ್ಯಾಣದಲ್ಲಿ ಈ ಹೆಂಗಸು, ಉಪ್ಪು ನೀರಿನ ಬೋರಿಂಗು ಬಿಟ್ಟು, ಊರಾಚೆಯ ಬಾವಿಯಿಂದ ಸಿಹಿನೀರು ತಂದು, ಕಟ್ಟಿಗೆ ಒಲೆಯ ಮೇಲೆ ಕಾಸಿದ್ದಳು. ಅದನ್ನೂ, ಹಿಂದಿನ ರಾತ್ರಿ ಅತ್ತೆಯ ಮನೆಯಲ್ಲಿದ್ದು ಬೆಳಿಗ್ಗೆ ಬಸ್ಸಿಗೆ ಮರಳಿದ್ದ ಶೋಭಾಳೇ ಹೇಳಿದ್ದು. ಗಡಿಯಾರವಿಲ್ಲದ್ದಕ್ಕೆ, ಎಷ್ಟು ಹೊತ್ತು ಕುದಿಸಬೇಕೋ ತಿಳಿಯದೆ, ಅರ್ಧ ನೀರು ಇಂಗುವವರೆಗೆ ಕುದಿಸಿದ್ದಳಂತೆ. ಇದು ಕಾಸಿದ ನೀರು ಎಂಬ ಒಂದು ಮಾತನ್ನು ಆಕೆ ನನಗೆ ಹೇಳಿರಲಿಲ್ಲ. ಹೇಳಿ ಕುಡಿಸುವ ನೀರು ಅದಲ್ಲ ಎಂದು ಆಕೆಗೆ ಅನಿಸಿರಬೇಕು.

ನಾನು ಚಾಚಿದ ಕೈ ಹಾಗೇ ಇತ್ತು. "ಕೊಡಿ ಶೋಭಾ," ಎಂದೆ.

"ಬ್ಯಾಡ ಬಿಡ್ರಿ," ಎಂದಳು ಭೀಮಬಾಯಿ. "ಇದು ಕಾಸಿದ್ದಲ್ಲ. ಸೋಮವಾರ ಬೀದರಕ್ಕ ಹೋಗೋದದ. ನಿಮಗ ಆರಾಮ ತಪ್ಪಿದ್ರ ಕೂಸಿನ ಕೆಲಸ ಕೆಡ್ತದ."

"ನೀವು ಬರ್ತೀರಾ, ಆಯಿ?"

"ಬರ್ದೇನು? ಸಿಸ್ಟರಿಗಿ ಮಾತು ಕೊಟ್ಟೀನಿ. ನಾ ಇನ್ನೆಷ್ಟು ದಿನ? ಆಕಿ ಸಾಲಿ ಕಲೀಲಿ." ಮೊಮ್ಮಗಳ ಕೂದಲನ್ನು ಬೆರಳಿನಿಂದ ಬಾಚುತ್ತಾ, ಇಷ್ಟು ಸೇರಿಸಿದಳು: "ಆಕಿಗಿ ರಾತ್ರಿ ನಿದ್ದಿಗಣ್ಣಾಗ ನೀರು ಬೇಕು. ಕೇಳಂಗಿಲ್ಲ, ಸುಮ್ನ ಎದ್ದು ಕೂಡ್ತಾಳ. ನೀವೇ ತಿಳ್ಕೊಂಡು ಕೊಡಬೇಕು."

ನಾನು ಆರು ತಿಂಗಳಿಂದ ಯಾವ ಮಾತಿಗಾಗಿ ಎರಡು ದೇಶಗಳ ಕಚೇರಿ ಅಲೆದಿದ್ದೆನೋ ಆ ಮಾತು ಸಿಕ್ಕಿತ್ತು. ಅಂಗಳದಲ್ಲಿ ನಿಂತು ಅಳಬೇಕೆನಿಸಿತು, ಆದರೆ ಅಳು ಸಂತೋಷದ್ದೆಂದು ಅವರು ತಿಳಿದಾರು ಎಂದು ಅದನ್ನೂ ನುಂಗಿದೆ. ನೀರು ಯಾರೂ ಕೊಡಲಿಲ್ಲ. ಸೀಲು ಬಿಚ್ಚಿದೆ. ಬಿಚ್ಚಿದ ಕೂಡಲೇ ಸುಜಾತಾ ಅಜ್ಜಿಯ ತೊಡೆಯಿಂದ ಇಳಿದು ಬಂದು ಮುಚ್ಚಳಕ್ಕೆ ಕೈ ಒಡ್ಡಿದಳು. ನಾನು ಎರಡು ಗುಟುಕು ಕುಡಿದು ಬಾಟಲಿಯನ್ನು ಅವಳಿಗೆ ಕೊಟ್ಟೆ. ಅವಳು ನನ್ನ ಹಾಗೆಯೇ ತುಟಿಗೆ ತಾಗಿಸದೆ ಎತ್ತಿ ಕುಡಿಯಲು ಹೋಗಿ ಅಂಗಿಯೆಲ್ಲ ನೆನೆಸಿಕೊಂಡಳು. ಎಲ್ಲರೂ ನಕ್ಕರು. ಭೀಮಬಾಯಿಯೂ ನಕ್ಕಳು.

ಪಕ್ಕದ ಮನೆಯ ಖಾಜಾಬಿ ಆಡಿನ ಹಗ್ಗ ಹಿಡಿದು ಬಾಗಿಲ ಮುಂದೆ ಹಾದುಹೋಗುತ್ತಿದ್ದವಳು ನಿಂತಳು. ಬಾಟಲಿಯನ್ನು, ಮಗುವನ್ನು, ನನ್ನನ್ನು ಒಂದು ಸಲ ನೋಡಿ, ಆಡನ್ನು ಮುಂದಕ್ಕೆ ಎಳೆಯುತ್ತಾ ಹೇಳಿದಳು:

"ಮಿಲಿಂದಾ, ಆ ಅಂಗಡಿ ಗುರ್ತು ಇಟ್ಕೋ. ನಾಳಿ ಈ ನಿನ್ನ ಸೋದರಸೊಸಿ ದೊಡ್ಡಾಕಿಯಾಗಿ ಆಯಿನ್ನ ನೋಡಾಕ ಬಂದ್ರ, ಆಕಿಗೂ ಒಂದು ತರಬೇಕಾತದ."